ರಕ್ತ ಅಪ್ಪನದು, ರಿಪೋರ್ಟು ಯಾರದು?

ನಮ್ಮ ಜನರಿಗೆ ಕ್ಯಾನ್ಸರ್ ಬರೋದೇ ಇಲ್ಲ ನೋಡಿ. ಒಬ್ಬರಿಗೆ 'ಗಡ್ಡೆ' ಆಗಿರುತ್ತೆ, ಇನ್ನೊಬ್ಬರಿಗೆ 'ಸಣ್ಣ ಇನ್‌ಫೆಕ್ಷನ್', ವಯಸ್ಸಾದ ಗಂಡಸರಿಗಂತೂ 'ಪ್ರಾಸ್ಟೇಟು ಸ್ವಲ್ಪ ಊದಿದೆ ಅಷ್ಟೇ'. ಅದರ ನಿಜವಾದ ಹೆಸರನ್ನ ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ, ಆಸ್ಪತ್ರೆಯ ಪಾರ್ಕಿಂಗ್ ಜಾಗದಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ. ಅದು ಯಾರ ಮೈಯೊಳಗಿದೆಯೋ ಅವರೊಬ್ಬರ ಮುಂದೆ ಮಾತ್ರ ಮಳೆ, ಬೆಳೆ, ಕ್ರಿಕೆಟ್ಟಿನ ಮಾತು. ಇದಕ್ಕೆ ನಾವು ಇಟ್ಟಿರುವ ಹೆಸರು ಪ್ರೀತಿ. ನನ್ನ ಪ್ರಕಾರ ಇದು ಪ್ರೀತಿಯಲ್ಲ, ಕಳ್ಳತನ. ಒಬ್ಬ ಮನುಷ್ಯನ ರಿಪೋರ್ಟನ್ನ ಅವನಿಂದಲೇ ಕದಿಯೋದು.

ಲೋಣಾವಳಾಕ್ಕೆ ಬಂದು ನೆಲೆಸಿ ನನಗೆ ಇಪ್ಪತ್ತಾರು ವರ್ಷ. ಶನಿವಾರ ಭಾನುವಾರ ಬರುವ ಮುಂಬೈ, ಪುಣೆಯವರಿಗೆ ಇದು ಚಿಕ್ಕಿ, ಮಳೆ, ಭುಶಿ ಡ್ಯಾಮಿನ ಊರು. ಗದಗ, ಬಾಗಲಕೋಟೆ ಕಡೆಯ ನನ್ನ ಬಂಧುಬಳಗಕ್ಕೆ ಮಾತ್ರ ಇದು ಮುಂಬೈನ ಟಾಟಾ ಆಸ್ಪತ್ರೆಯ ದಾರಿಯಲ್ಲಿ ಸಿಗುವ ಛತ್ರ. ಹೋಗುವಾಗಲೋ ಬರುವಾಗಲೋ ನಮ್ಮಲ್ಲಿ ಒಂದು ರಾತ್ರಿ ಇದ್ದು, ರೊಟ್ಟಿ ತಿಂದು, ಬೆಳಿಗ್ಗೆ ರೈಲು ಹಿಡಿಯುತ್ತಾರೆ. ಇಷ್ಟು ವರ್ಷದಲ್ಲಿ ಎಷ್ಟು ಜನ ಬಂದು ಹೋದರೋ ಲೆಕ್ಕ ಇಟ್ಟಿಲ್ಲ. ಆದರೆ ಒಂದು ವಿಷಯ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ. ಎಕ್ಸ್‌ರೇ, ಸ್ಕ್ಯಾನು ತುಂಬಿದ ದಪ್ಪ ಫೈಲು ಮಗನದೋ ಅಳಿಯನದೋ ಕಂಕುಳಲ್ಲಿ, ರೋಗಿಯ ಕೈಯಲ್ಲಿ ನೀರಿನ ಬಾಟಲಿ. ಮಲಗುವಾಗ ಆ ಫೈಲು ಮಗನ ತಲೆದಿಂಬಿನ ಕೆಳಗೆ ಹೋಗುತ್ತೆ, ಹಿರಿಯರು ರಾತ್ರಿ ಎದ್ದು ನೋಡಿಬಿಟ್ಟರೆ ಅಂತ!

ಅಲ್ಲಾ ಸ್ವಾಮಿ, ನಾವು ಮೋಸ ಮಾಡ್ತಿರೋದು ಯಾರಿಗೆ? ಪರೇಲಿನ ಆ ಆಸ್ಪತ್ರೆ ಶುರುವಾಗಿದ್ದು 1941ರಲ್ಲಿ. 'ಟಾಟಾಕ್ಕ ಕರಕೊಂಡು ಹೋಗ್ಯಾರ' ಅಂದರೆ ಏನರ್ಥ ಅಂತ ನಮ್ಮ ಕಡೆ ಹಳ್ಳಿಯ ಕಟ್ಟೆ ಮೇಲೆ ಕೂತವರಿಗೆಲ್ಲ ಗೊತ್ತು. ಬೆಂಗಳೂರಿನ ಕಿದ್ವಾಯಿ ಅಂದರೂ ಅಷ್ಟೇ. ಅಂಥ ಕಡೆ ಕರಕೊಂಡು ಹೋಗಿ, 'ಏನಿಲ್ಲ ಅಪ್ಪಾ, ಸುಮ್ಮನೆ ಚೆಕಪ್ಪು' ಅಂದರೆ ನಂಬೋದಕ್ಕೆ ಅವರೇನು ಕೂಸೇ? ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವ ಹೆಚ್ಚುವರಿ ಕೆಲಸ ಅವರ ತಲೆಗೆ ಬೀಳುತ್ತೆ ಅಷ್ಟೇ. ರೋಗದ ಜೊತೆಗೆ ನಾಟಕ ಬೇರೆ.

ನಮ್ಮ ಮನೆಯಲ್ಲೂ ಈ ನಾಟಕದ ತಾಲೀಮು ಶುರುವಾಗಿತ್ತು. ಅಪ್ಪನಿಗೆ ಈಗ ಎಪ್ಪತ್ತೆಂಟು. ಎರಡು ವರ್ಷದ ಹಿಂದೆ ಬೆನ್ನುನೋವಿಗೆ ಊರಲ್ಲಿ ಎಣ್ಣೆ ಹಚ್ಚಿಸಿಕೊಂಡು, ಮಾತ್ರೆ ನುಂಗಿಕೊಂಡು ಆರು ತಿಂಗಳು ತಳ್ಳಿ, ಕೊನೆಗೆ ಇಲ್ಲಿಗೆ ಬಂದರು. ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ 212. (ಸಾಮಾನ್ಯವಾಗಿ 4ರ ಮೇಲೆ ಹೋದರೆ ಡಾಕ್ಟರು ವಿಚಾರಿಸೋಕೆ ಶುರು ಮಾಡ್ತಾರೆ.) ಬಯಾಪ್ಸಿಯಲ್ಲಿ ಗ್ಲೀಸನ್ 9. ಸ್ಕ್ಯಾನಿನಲ್ಲಿ ಬೆನ್ನೆಲುಬು, ಸೊಂಟದ ಎಲುಬಿಗೆಲ್ಲ ಹರಡಿತ್ತು. ಡಾಕ್ಟರೊಬ್ಬರು, ಹೆಸರು ಬೇಡ, ಅಪ್ಪನನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನನ್ನ ಮಾತ್ರ ಒಳಗೆ ಕರೆದು ಇಷ್ಟನ್ನೂ ವಿವರಿಸಿದರು. ಆಮೇಲೆ, 'ಪೇಷಂಟಿಗೆ ಏನೂ ಹೇಳಬೇಡಿ, ಧೈರ್ಯ ಕಳಕೊಳ್ತಾರೆ' ಅಂದರು. ಊರಿಂದ ಅಣ್ಣನ ಫೋನು, 'ಅಪ್ಪನ್ನ ಹೆದರಿಸಿ ಕೊಲ್ಲಬ್ಯಾಡ ನೋಡಪಾ.' ಕಾಕಾನದೂ ಅದೇ ರಾಗ.

ನಾನು ಒಪ್ಪಲಿಲ್ಲ. ಅವತ್ತೇ ರಾತ್ರಿ ಊಟ ಆದ ಮೇಲೆ, 'ಅಪ್ಪಾ, ರಿಪೋರ್ಟ್ ಬಂದಾವ. ಎಲ್ಲಾ ಹೇಳಲ್ಯಾ?' ಅಂತ ಕೇಳಿದೆ. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, 'ನೀವೆಲ್ಲಾ ಪಿಸಿಪಿಸಿ ಮಾಡೂದು ನೋಡೇ ನನಗ ತಿಳದಿತ್ತೋ ತಮ್ಮಾ. ಎಲುಬಿಗೆ ಹೋಗೈತೋ ಇಲ್ಲೋ, ಅದನ್ನ ಹೇಳು' ಅಂದರು. ಧೈರ್ಯ ಕಳಕೊಂಡವರ ಪ್ರಶ್ನೆ ಇದಲ್ಲ. ಬೆಳೆಗೆ ಬಿದ್ದ ರೋಗ ಬುಡಕ್ಕೆ ಇಳಿದಿದೆಯೋ ಇಲ್ಲವೋ ಅಂತ ಐವತ್ತು ವರ್ಷ ನೋಡಿದ ರೈತನ ಪ್ರಶ್ನೆ.

ಮುಚ್ಚಿಡಬೇಕು ಅನ್ನುವವರಿಗೆ ನನ್ನದೊಂದು ನೇರ ಪ್ರಶ್ನೆ. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯೋದು ಬಹುಪಾಲು ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನಿನ ಬಲದಿಂದ. ಅದನ್ನ ನಿಲ್ಲಿಸಿದರೆ ಹರಡಿದ ರೋಗವೂ ತಗ್ಗುತ್ತೆ ಅಂತ ಅಮೆರಿಕದ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದ್ದು 1941ರಲ್ಲಿ. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಇವತ್ತಿಗೂ ಹರಡಿದ ರೋಗಕ್ಕೆ ಚಿಕಿತ್ಸೆಯ ತಳಪಾಯ ಅದೇ. ಒಂದೋ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಇಂಜೆಕ್ಷನ್, ಇಲ್ಲವೇ ಎರಡೂ ವೃಷಣ ತೆಗೆದುಬಿಡುವ ಆಪರೇಷನ್. ಇಂಜೆಕ್ಷನ್ ವರ್ಷಗಟ್ಟಲೆ ನಡೆಯಬೇಕು, ದುಬಾರಿ. ಆಪರೇಷನ್ ಒಂದೇ ಸಲ, ಅಗ್ಗ. ಹಾಗಾಗಿ ನಮ್ಮ ದೇಶದಲ್ಲಿ ಆಪರೇಷನ್ ಮಾಡಿಸಿಕೊಳ್ಳುವವರು ಬಹಳ. ಈಗ ಹೇಳಿ, ಒಬ್ಬ ಗಂಡಸಿಗೆ ಕಾಯಿಲೆ ಏನು ಅಂತಲೇ ಹೇಳದೆ ಅವನ ಬೀಜ ತೆಗೆಸ್ತೀರಾ? 'ಹರ್ನಿಯಾ ಅಂತ ಹೇಳಿ ಮಾಡಿಸಿಬಿಡು' ಅಂತ ನನಗೆ ಸಲಹೆ ಕೊಟ್ಟವರಿದ್ದಾರೆ! ಹೋರಿಗೆ ಬೀಜ ಒಡೆಸುವಾಗ ನಾವು ಅದರ ಒಪ್ಪಿಗೆ ಕೇಳೋದಿಲ್ಲ. ಅಪ್ಪನನ್ನೂ ಅದೇ ಸಾಲಿನಲ್ಲಿ ಕಟ್ಟಬೇಕೆ?

ನಾನು ಎರಡೂ ದಾರಿ ಅಪ್ಪನಿಗೆ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎತ್ತಿಗೆ ಮಾಡ್ತಾರಲ್ಲ, ಹಂಗ?' ಅಂದರು. 'ಹೂಂ ಅಪ್ಪಾ' ಅಂದೆ. ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೇ ದಿನ, 'ಸೂಜಿ ಸಲುವಾಗಿ ಪದೇ ಪದೇ ಓಡ್ಯಾಡೂದು ಬ್ಯಾಡ. ಒಮ್ಮೆ ಮುಗಿಸಿಬಿಡೂಣು. ಊರಿಗೆ ಹೋಗಬೇಕು ನಾನು' ಅಂದರು. ಆ ಎರಡು ದಿನದಲ್ಲಿ ಅವರ ಮನಸ್ಸಿನಲ್ಲಿ ಏನೇನು ಹಾದುಹೋಯಿತೋ ಕೇಳುವ ಧೈರ್ಯ ನನಗಿರಲಿಲ್ಲ. ಆದರೆ ತೀರ್ಮಾನ ಅವರದು. ನಾವು ಅಣ್ಣತಮ್ಮಂದಿರು ಪಾರ್ಕಿಂಗ್ ಜಾಗದಲ್ಲಿ ನಿಂತು ಮಾಡಿದ್ದಲ್ಲ.

ಆಪರೇಷನ್ ಆದ ಮೇಲಿನ ಕಥೆಯೂ ಇದೆ. ಹಾರ್ಮೋನ್ ನಿಂತ ಮೈಗೆ ಇದ್ದಕ್ಕಿದ್ದ ಹಾಗೆ ಝಳ ಏರುತ್ತೆ, ಬೆವರುತ್ತೆ, ಎಲುಬು ಸವೆಯುತ್ತೆ, ತೋಳಿನ ಬಲ ಇಳಿಯುತ್ತೆ, ಎದೆ ಉಬ್ಬಬಹುದು, ಮನಸ್ಸು ಕುಗ್ಗಬಹುದು. ಕಾರಣ ಗೊತ್ತಿರುವವನು 'ಇದು ಔಷಧದ್ದು' ಅಂತ ತಡಕೊಳ್ಳುತ್ತಾನೆ. ಗೊತ್ತಿಲ್ಲದವನು ತನಗೇ ಏನೋ ಆಗಿದೆ ಅಂತ ಒಳಗೊಳಗೇ ಸಾಯುತ್ತಾನೆ.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಬೆನ್ನೆಲುಬಿಗೆ ಹರಡಿದ ರೋಗ ಒಳಗಿನ ನರದ ಹುರಿಯನ್ನ ಒತ್ತುವ ಅಪಾಯ ಇರುತ್ತೆ. ಬೆನ್ನುನೋವು ಜೋರಾಗೋದು, ಕಾಲಿನ ಶಕ್ತಿ ಹೋಗೋದು, ಜೋಮು ಹಿಡಿಯೋದು, ಮೂತ್ರ ಕಟ್ಟೋದು ಅದರ ಲಕ್ಷಣ. ಆಗ ನಾಳೆ ನಾಡಿದ್ದು ಅನ್ನೋ ಹಾಗಿಲ್ಲ, ಅವತ್ತೇ ಆಸ್ಪತ್ರೆ ಸೇರಬೇಕು. ತಡವಾದರೆ ಕಾಲು ಮತ್ತೆ ಬರೋದು ಕಷ್ಟ. ಈಗ ಯೋಚಿಸಿ. 'ನಿಮಗೆ ಬರೀ ವಾತ' ಅಂತ ಹೇಳಿಸಿಕೊಂಡ ಮನುಷ್ಯ ಕಾಲು ಜೋಮು ಹಿಡಿದಾಗ ಏನು ಮಾಡ್ತಾನೆ? ಎಣ್ಣೆ ಹಚ್ಚಿಕೊಂಡು ಮಲಗ್ತಾನೆ. 'ಮಕ್ಕಳಿಗೆ ಯಾಕೆ ತೊಂದರೆ' ಅಂತ ಬೆಳಗಿನವರೆಗೂ ಬಾಯಿ ಬಿಡೋದಿಲ್ಲ. ನೀವು ಪ್ರೀತಿಯಿಂದ ಹೇಳಿದ ಸುಳ್ಳು ಅವನ ಎರಡೂ ಕಾಲು ತೆಗೆದುಕೊಂಡು ಹೋಗಬಹುದು.

ಇನ್ನು ಆ ಪಿಎಸ್‌ಎ ಅನ್ನೋ ಅಂಕಿಯ ಮಾತು. ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಕೌಂಟರಿನಲ್ಲಿ ಹೆಸರು ಅಪ್ಪನದು, ಮೊಬೈಲ್ ನಂಬರು ನನ್ನದು ಕೇಳ್ತಾರೆ. ರಕ್ತ ಅವರ ತೋಳಿನಿಂದ, ರಿಪೋರ್ಟು ನನ್ನ ವಾಟ್ಸಾಪಿಗೆ! ಅದು ಬರುವ ತನಕದ ರಾತ್ರಿ ನನಗೆ ಚೆನ್ನಾಗಿ ಗೊತ್ತು. ಫೋನು ಮಿಂಚಿದಾಗಲೆಲ್ಲ ಎದೆ ಧಸಕ್ ಅನ್ನುತ್ತೆ, ನೋಡಿದರೆ ಯಾವುದೋ ಸಾಲದ ಜಾಹೀರಾತು. ದೊಡ್ಡ ರೋಗ ಅಂದರೆ ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯೋದು. ಈ ಭಯವನ್ನ ಒಬ್ಬನೇ ಬಚ್ಚಿಟ್ಟುಕೊಂಡು, ಬೆಳಿಗ್ಗೆ ಅಪ್ಪನ ಮುಂದೆ ನಗುತ್ತಾ ಚಹಾ ಕುಡಿಯುವ ಮಕ್ಕಳು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಮರುಕವಿದೆ. ಗುಟ್ಟು ಕಾಯುವವನಿಗೆ ರಜೆ ಇಲ್ಲ.

ಆ ಅಂಕಿಯನ್ನ ಓದೋದಕ್ಕೂ ಒಂದು ಕ್ರಮವಿದೆ. ಪಿಎಸ್‌ಎ ಅಂದರೆ ಪ್ರಾಸ್ಟೇಟಿನ ಜೀವಕೋಶಗಳು ತಯಾರಿಸುವ ಒಂದು ಪ್ರೋಟೀನು. ಚಿಕಿತ್ಸೆಗೆ ಅದು ಇಳಿಯುತ್ತೆ. ಇಳಿದ ಅತಿ ಕೆಳಗಿನ ಅಂಕಿಯನ್ನ ಗುರುತಿಟ್ಟುಕೊಳ್ಳಬೇಕು. ಅಲ್ಲಿಂದ ಶೇಕಡಾ 25ಕ್ಕೆ ಕಡಿಮೆ ಇಲ್ಲದಂತೆ ಏರಿ, ಆ ಏರಿಕೆ 2 ನ್ಯಾನೋಗ್ರಾಂ ಆದರೂ ಇದ್ದು, ಮೂರು ವಾರ ಬಿಟ್ಟು ಮಾಡಿದ ಇನ್ನೊಂದು ಪರೀಕ್ಷೆಯಲ್ಲೂ ಅದೇ ಕಂಡರೆ ಆಗ ತಜ್ಞರು ಅದನ್ನ ನಿಜವಾದ ಏರಿಕೆ ಅಂತ ಲೆಕ್ಕಕ್ಕೆ ತಗೋತಾರೆ. ಲ್ಯಾಬು ಬದಲಾದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತೆ. ಬೋನ್ ಸ್ಕ್ಯಾನ್ ಇನ್ನೂ ಮೋಸಗಾರ. ಔಷಧ ಹತ್ತಿ ಎಲುಬು ವಾಸಿಯಾಗುವಾಗಲೂ ಮೊದಲ ಕೆಲವು ತಿಂಗಳು ಚಿತ್ರದಲ್ಲಿ ಕಲೆಗಳು ಹೆಚ್ಚಾದ ಹಾಗೆ ಕಾಣಬಹುದು. ಇದೆಲ್ಲ ನಮ್ಮಪ್ಪನಿಗೆ ಈಗ ಬಾಯಿಪಾಠ. ಏಳನೇ ಇಯತ್ತೆ ಓದಿದವರು, ಆದರೆ ಹಳೇ ಕ್ಯಾಲೆಂಡರಿನ ಹಿಂದೆ ತಮ್ಮ ಅಂಕಿಗಳನ್ನ ಮಳೆಯ ಲೆಕ್ಕ ಬರೆದ ಹಾಗೆ ಸಾಲಾಗಿ ಬರೆದಿಟ್ಟಿದ್ದಾರೆ. 212, 31, 4.6, 0.8, 1.4... ಕಳೆದ ವಾರದ್ದು 3.1. ಅದನ್ನ ಬರೆದು, 'ಏರಾಕ ಹತ್ತೈತಿ. ಇನ್ನೊಮ್ಮೆ ತಗಸೂಣು, ಆಮ್ಯಾಲ ನೋಡೂಣು' ಅಂದರು. ನನಗೆ ಅವತ್ತು ಊಟ ಸೇರಲಿಲ್ಲ, ಅವರು ಎರಡು ರೊಟ್ಟಿ ತಿಂದರು. ಧೈರ್ಯ ಯಾರಿಗೆ ಯಾರು ಹೇಳಬೇಕು?

ಈಗ ಎದುರು ವಾದಕ್ಕೆ ಬರೋಣ. ಮೊದಲನೆಯದು, 'ಇದು ಅಮೆರಿಕ ಅಲ್ಲಪ್ಪಾ, ನಮ್ಮ ಸಂಸ್ಕೃತಿ ಬೇರೆ'. 1961ರಲ್ಲಿ ಅಮೆರಿಕದ ಡಾಕ್ಟರುಗಳ ಒಂದು ಸಮೀಕ್ಷೆ ನಡೆದಿತ್ತು. ನೂರಕ್ಕೆ ತೊಂಬತ್ತು ಜನ ಕ್ಯಾನ್ಸರ್ ರೋಗಿಗೆ ಹೇಳದಿರೋದೇ ಒಳ್ಳೇದು ಅಂದಿದ್ದರು. 1979ರಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದಾಗ ನೂರಕ್ಕೆ ತೊಂಬತ್ತೇಳು ಜನ ಹೇಳ್ತೀವಿ ಅಂದರು. ಅಂದರೆ ಮುಚ್ಚಿಡೋದು ಭಾರತೀಯ ಸಂಸ್ಕೃತಿಯೂ ಅಲ್ಲ, ಹೇಳೋದು ಅಮೆರಿಕದ ಸಂಸ್ಕೃತಿಯೂ ಅಲ್ಲ. ಅವರೂ ಮುಚ್ಚಿಡುತ್ತಿದ್ದರು, ಹದಿನೆಂಟು ವರ್ಷದಲ್ಲಿ ಬಿಟ್ಟರು. 2025ರ ಮೇ ತಿಂಗಳಲ್ಲಿ ಜೋ ಬೈಡನ್ನರಿಗೆ ಇದೇ ಕ್ಯಾನ್ಸರ್, ಗ್ಲೀಸನ್ 9, ಎಲುಬಿಗೆ ಹರಡಿದೆ ಅಂತ ಅವರ ಕಚೇರಿಯೇ ಪ್ರಕಟಿಸಿತು. ನಮ್ಮ ಪೇಪರುಗಳಲ್ಲೂ ಬಂತು. ಬೈಡನ್ನರ ಗ್ಲೀಸನ್ ಅಂಕಿ ಓದಿ ಅಯ್ಯೋ ಪಾಪ ಅಂದ ಎಷ್ಟು ಹಿರಿಯರಿಗೆ ತಮ್ಮದೇ ಅಂಕಿ ಗೊತ್ತಿಲ್ಲವೋ!

ಸಂಸ್ಕೃತಿಯ ಮಾತೇ ಬೇಕಾ? ಸರಿ. ಪರೀಕ್ಷಿತ ರಾಜನಿಗೆ ಏಳು ದಿನದಲ್ಲಿ ಸಾವು ಅಂತ ಶಾಪ ಬಂದಾಗ ಅದನ್ನ ಅವನಿಗೆ ತಿಳಿಸಿದರು. ಅವನು ರಾಜ್ಯವನ್ನ ಮಗನಿಗೆ ಒಪ್ಪಿಸಿ, ಗಂಗೆಯ ದಡದಲ್ಲಿ ಕೂತು ಶುಕಮುನಿಯಿಂದ ಭಾಗವತ ಕೇಳಿದ. ಮಂತ್ರಿಗಳು ನಮ್ಮ ಹಾಗೆ ಯೋಚಿಸಿ 'ಏನಿಲ್ಲ ಪ್ರಭು, ಸಣ್ಣ ಇನ್‌ಫೆಕ್ಷನ್' ಅಂದಿದ್ದರೆ ಭಾಗವತ ಎಲ್ಲಿರುತ್ತಿತ್ತು? ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ತುಂಬ ಸಾವನ್ನ ಕಣ್ಣಿಟ್ಟು ನೋಡಿದವರ ಶಾಸನಗಳಿವೆ. ಆ ವ್ರತ ಎಲ್ಲರಿಗೂ ಅಲ್ಲ, ಅದರ ಪ್ರಚಾರ ನಾನು ಮಾಡ್ತಿಲ್ಲ. ಆದರೆ ಕೊನೆಯನ್ನ ಮನುಷ್ಯನಿಂದ ಬಚ್ಚಿಡಬೇಕು ಅನ್ನೋದು ನಮ್ಮ ಹಿರಿಯರ ಪಾಠ ಅಂತ ಮಾತ್ರ ಹೇಳಬೇಡಿ.

ಎರಡನೆಯದು ಕಾನೂನಿನ ಮಾತು. 'ಮನೆಯವರು ಸಹಿ ಹಾಕಿದರೆ ಸಾಕು' ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಮೀರಾ ಕೋಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರ ಜನವರಿಯಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ಗರ್ಭಕೋಶವನ್ನ ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ತುರ್ತು ಇಲ್ಲದಿದ್ದಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ರೋಗಿಯೇ ತಿಳಿದು ಒಪ್ಪಬೇಕು ಅಂತ ಕೋರ್ಟು ಹೇಳಿತು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕಿನ ಸನ್ನದಿನಲ್ಲಿ ಮೊದಲನೇ ಹಕ್ಕೇ ಮಾಹಿತಿಯದು, ಎರಡನೆಯದು ದಾಖಲೆ ಮತ್ತು ರಿಪೋರ್ಟಿನದು. ಆದರೆ ಡಾಕ್ಟರುಗಳ ನಡತೆಗೆ ಮೆಡಿಕಲ್ ಕೌನ್ಸಿಲ್ 2002ರಲ್ಲಿ ಮಾಡಿದ ನಿಯಮದಲ್ಲೇ ಒಂದು ಸಂದು ಉಳಿದಿದೆ. ರೋಗದ ಗಂಭೀರತೆಯನ್ನ ಹೆಚ್ಚಿಸಿಯೂ ಹೇಳಬಾರದು, ಇಳಿಸಿಯೂ ಹೇಳಬಾರದು ಅಂತ ಹೇಳಿ, ಅದನ್ನ ರೋಗಿಗೆ, ಬಂಧುಗಳಿಗೆ 'ಅಥವಾ' ಜವಾಬ್ದಾರಿಯುತ ಸ್ನೇಹಿತರಿಗೆ ತಿಳಿಸಬೇಕು ಅನ್ನುತ್ತೆ. ಆ 'ಅಥವಾ' ಅನ್ನೋ ಬಾಗಿಲಿನಿಂದಲೇ ಮಗ ಒಳಗೆ ಹೋಗ್ತಾನೆ, ಅಪ್ಪ ಬೆಂಚಿನ ಮೇಲೆ ಉಳೀತಾನೆ. ಆ ಪದ ಹೋಗಬೇಕು.

ಮೂರನೆಯ ವಾದಕ್ಕೆ ಮಾತ್ರ ನಾನು ತಲೆಬಾಗ್ತೀನಿ. ಕೆಲವರಿಗೆ ನಿಜವಾಗಿಯೂ ತಿಳಿಯೋದು ಬೇಡ. 'ನನಗೇನೂ ಹೇಳಬ್ಯಾಡ್ರಿ, ನೀವ ನೋಡ್ಕೊಳ್ರಿ' ಅನ್ನುವ ಹಿರಿಯರನ್ನ ನಾನೂ ಕಂಡಿದ್ದೇನೆ. ಅದೂ ಅವರ ಹಕ್ಕು. ಅಂಥವರನ್ನ ಕೂರಿಸಿ ಸ್ಟೇಜು, ಸ್ಕ್ಯಾನು ಅಂತ ಬಲವಂತವಾಗಿ ಕಿವಿಗೆ ತುರುಕೋದು ಕ್ರೌರ್ಯ. ಆದರೆ ಬೇಡ ಅನ್ನೋದು ಅವರ ಬಾಯಿಂದ ಬರಬೇಕು. ಕೇಳದೇನೇ ಅವರ ಪರವಾಗಿ ನಾವು 'ಬೇಡ' ಅನ್ನುವ ಹಾಗಿಲ್ಲ.

ಬಚ್ಚಿಟ್ಟದ್ದರ ಲೆಕ್ಕ ಕೊನೆಗೆ ಮನೆಯವರೇ ಚುಕ್ತಾ ಮಾಡಬೇಕಾಗುತ್ತೆ. ಐಸಿಯುನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ಆಮೇಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ಹೊಡೆದಾಡಿದ ಅಣ್ಣತಮ್ಮಂದಿರು ನಮ್ಮ ಬಳಗದಲ್ಲೇ ಇದ್ದಾರೆ. ನಮ್ಮಪ್ಪ ಕಳೆದ ವರ್ಷ ತಾವೇ ನಿಂತು ಹೊಲದ ವಾಟ್ನಿ ಮಾಡಿಸಿದರು. ಯಾರಿಗೆ ಬಾವಿ, ಯಾರಿಗೆ ಬದು ಅಂತ ಕಡ್ಡಿ ಹಿಡಿದು ತೋರಿಸಿದರು. ಅವತ್ತು 'ಹೆದರಿಸಿ ಕೊಲ್ಲಬ್ಯಾಡ' ಅಂದಿದ್ದ ಅಣ್ಣ ಈಗ ಆ ಮಾತು ಎತ್ತೋದಿಲ್ಲ.

ನೋವಿನ ವಿಷಯವೂ ಹಾಗೇ. ಪುಣೆಯ ವಾರ್ಜೆಯಲ್ಲಿ, ಮುಂಬೈ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ, 1997ರಿಂದ ಸಿಪ್ಲಾದ ಪ್ಯಾಲಿಯೇಟಿವ್ ಕೇರ್ ಕೇಂದ್ರವಿದೆ. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಎರಡೂ ಕಡೆ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ. ಆದರೆ ರೋಗದ ಹೆಸರೇ ಹೇಳದ ಮನೆಯವರು ಅಲ್ಲಿಗೆ ಏನಂತ ಹೇಳಿ ಕರಕೊಂಡು ಹೋಗ್ತಾರೆ? ಕೊನೆಯ ವಾರದ ತನಕ ತಳ್ಳುತ್ತಾರೆ, ಅಲ್ಲಿಯ ತನಕ ನೋವು ತಿನ್ನೋದು ರೋಗಿ. ವಾಸಿಯಾಗದ ಹಂತದಲ್ಲಿ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡುವ ಜೀವನ ಉಯಿಲನ್ನ ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನ ಜಾರಿಗೆ ತರೋ ಆದೇಶ ಹೊರಡಿಸಿತು. ಆದರೆ ತನಗೇನಾಗಿದೆ ಅಂತಲೇ ಗೊತ್ತಿಲ್ಲದವನು ಏನಂತ ಬರೆದಿಡೋದು?

ಮಕ್ಕಳಿಗೂ ಇದರಲ್ಲಿ ಪಾಲಿದೆ. ಅಪ್ಪನಿಗೆ ಈ ಕ್ಯಾನ್ಸರ್ ಇದ್ದರೆ ಗಂಡುಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಬಿಆರ್‌ಸಿಎ2ರಂಥ ಜೀನಿನ ದೋಷ ಇದ್ದರೆ ಹೆಣ್ಣುಮಕ್ಕಳಿಗೂ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ. ಹಾಗಾಗಿಯೇ ಹರಡಿದ ರೋಗ ಇರುವವರಿಗೆ ಜೀನ್ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಆ ರಕ್ತ ಕೊಡುವಾಗ ನಮ್ಮಪ್ಪ ಕೇಳಿದ್ದು ಒಂದೇ, 'ಇದು ನನಗೋ ನಿಮಗೋ?' ಇಬ್ಬರಿಗೂ ಅಂದೆ. 'ಹಂಗಾದ್ರ ಇನ್ನೊಂದು ಬಾಟ್ಲಿ ತಗೋಳಾಕ ಹೇಳು' ಅಂತ ತೋಳು ಚಾಚಿದರು.

ಇನ್ನೆರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಅಂಕಿ ಏರಿದ್ದರೆ ಸ್ಕ್ಯಾನು, ಆಮೇಲೆ ಬಹುಶಃ ಮೂರು ವಾರಕ್ಕೊಮ್ಮೆ ಕೊಡುವ ಕೀಮೋ. 'ಹಿಂಗಾರಿ ಬಿತ್ತಿಗಿ ಮುಗದ ಮ್ಯಾಲ ಬರ್ತೀನಿ ಅಂತ ಡಾಕ್ಟರಗ ಹೇಳು. ತಡಾ ಆದ್ರ ಏನಾಗತೈತಿ ಅದನ್ನೂ ಕೇಳು' ಅಂದಿದ್ದಾರೆ ಅಪ್ಪ. ಡಾಕ್ಟರು ಒಪ್ಪುತ್ತಾರೋ ಇಲ್ಲವೋ, ಅದು ಅವರಿಬ್ಬರ ನಡುವಿನ ಮಾತು. ನನಗೆ ಭಯ ಇದ್ದೇ ಇದೆ. ರಿಪೋರ್ಟು ನನ್ನದಲ್ಲ ಅಂದ ಮಾತ್ರಕ್ಕೆ ಭಯ ಹೋಗೋದಿಲ್ಲ.

ಡಾಕ್ಟರುಗಳಿಗೆ ನಾನು ಕೇಳೋದು ಇಷ್ಟೇ. ದಯವಿಟ್ಟು ಮಗನನ್ನ ಮೊದಲು ಒಳಗೆ ಕರೀಬೇಡಿ. ಬೆಂಚಿನ ಮೇಲೆ ಕೂತವರನ್ನ ಕರೆದು ಕುರ್ಚಿ ಕೊಡಿ. 'ಯಜಮಾನ್ರೇ, ರಿಪೋರ್ಟು ಬಂದಿದೆ. ಎಲ್ಲ ಹೇಳಲೋ, ಸ್ವಲ್ಪ ಹೇಳಲೋ, ಮಗನಿಗೆ ಹೇಳಲೋ?' ಅಂತ ಕೇಳಿ. ಎರಡು ನಿಮಿಷದ ಕೆಲಸ. ಉತ್ತರ ಏನೇ ಬರಲಿ, ಅದು ಅವರದಾಗಿರುತ್ತೆ.